ಡೇರೆಯ ಬಾಗಿಲಲ್ಲಿ ಅಪ್ಪ

ಶನಿವಾರ, ಜುಲೈ 12
ಹಾಗ್‌ವೆಲ್ ಪಾರ್ಕ್, ವ್ಯಾನಿನೊಳಗಿಂದ

ಟಾಮ್ಸಿನ್,

ವೇದಿಕೆ ಹತ್ತುವ ಮುಂಚೆ ನಿನ್ನ ಹತ್ತಿರ ಯಾರೂ ಮಾತಾಡಕೂಡದು ಎನ್ನುವುದು ನಿನ್ನ ಕಾಯಿದೆ. ಆಯಿತು, ಮಾತಾಡುವುದಿಲ್ಲ. ವ್ಯಾನಿನ ಗಾಜು ಏರಿಸಿಕೊಂಡು ಫೋನಿಗೆ ಮಾತಾಡುತ್ತೇನೆ, ನೀನು ಆಮೇಲೆ ಕೇಳು. ಬೆರಳಲ್ಲಿ ಕುಟ್ಟಿ ಬರೆಯುವುದು ನನ್ನಿಂದಾಗದ ಕೆಲಸ. ಇದನ್ನೇ ಅಪ್ಪನ ಕಾಗದ ಎಂದುಕೊ. ತಾರೀಕು ಹೇಳಿಯಾಯಿತು, ಕೊನೆಯಲ್ಲಿ ಸಹಿಯನ್ನೂ ಬಾಯಲ್ಲೇ ಹಾಕುತ್ತೇನೆ.

ಇಲ್ಲಿಂದ ನಿಮ್ಮ ಡೇರೆಯ ಬೆನ್ನು ಕಾಣುತ್ತದೆ. ಕ್ಯಾಲಮ್ ಡ್ರಮ್ಮುಗಳನ್ನೆಲ್ಲ ಹುಲ್ಲಿನ ಮೇಲೆ ಹರವಿಕೊಂಡು ಸಂತೆ ವ್ಯಾಪಾರಿಯ ಹಾಗೆ ಕೂತಿದ್ದಾನೆ. ಒಡೆಟ್ ತನ್ನ ಬೇಸ್ ಗಿಟಾರಿನ ತಂತಿ ಒರೆಸುತ್ತಿದ್ದಾಳೆ. ನೀನು ಬೇಲಿಯ ಕಡೆ ಮುಖ ಮಾಡಿ ನಿಂತಿದ್ದೀಯ. ನಿಮ್ಮಮ್ಮನೂ ಹೀಗೇ, ಕೋಪ ಬಂದರೂ ಭಯವಾದರೂ ಬೆನ್ನು ತೋರಿಸುತ್ತಿದ್ದಳು. ಯಾವುದು ಯಾವುದೆಂದು ತಿಳಿಯುವಷ್ಟರಲ್ಲಿ ಮನೆ ಬಿಟ್ಟು ಹೋದಳು.

ನಿಮ್ಮ ಅದೃಷ್ಟ ನೋಡು. ಬ್ರೈಟನ್ನಿನ ಯಾವನೋ ಗಾಯಕನ ಗಂಟಲು ನಿನ್ನೆ ಕಟ್ಟಿತು, ನಾಲ್ಕು ಗಂಟೆಯ ಜಾಗ ನಿಮ್ಮ ನೆಟ್ ಕರ್ಟನ್ಸ್ ತಂಡಕ್ಕೆ ಬಂತು. ಆದರೆ ಬಾಗಿಲ ಫಲಕದಲ್ಲಿ ನಿಮ್ಮ ಹೆಸರಿಲ್ಲ. ಹೊಸ ಹೆಸರು ಬರೆಸಲು ಪುರಸೊತ್ತಾಗದೆ ಮೂರು ಪ್ರಶ್ನೆಗುರುತು ಅಂಟಿಸಿಬಿಟ್ಟಿದ್ದಾರೆ. ಬೆಳಿಗ್ಗೆಯಿಂದ ಅದನ್ನೇ ನೋಡುತ್ತಿದ್ದೇನೆ. ಇಂಥ ಹಾಡಿನ ಜಾತ್ರೆಗಳಲ್ಲಿ ಪ್ರಶ್ನೆಗುರುತು ಎಂದರೆ ಏನು ಎಂದು ಹಾಲು ಕುಡಿಯುವ ಮಗುವಿಗೂ ಗೊತ್ತು: ಯಾರೋ ದೊಡ್ಡವರು ಸದ್ದಿಲ್ಲದೆ ಬಂದು ಸಣ್ಣ ಡೇರೆಯಲ್ಲಿ ಹಾಡಿ ಹೋಗುತ್ತಾರೆ.

ಹಿಲರಿ ಕ್ರಾಸ್ ಬಂದಿದ್ದಾಳೆ. ಹಸಿರು ಬೂಟು, ಕೈಯಲ್ಲಿ ಚಹಾ. ಊರೂರಲ್ಲಿ ಹಾಡುವ ಚಳಿಗಾಲದ ಪ್ರವಾಸಕ್ಕೆ ಒಂದು ಹೊಸ ತಂಡ ಆರಿಸುವವಳು ಅವಳೇ. "ಹಾಡು ಮನೇಲೇ ಕೇಳ್ಕೋತೀನಿ ಡೆಸ್. ಇಲ್ಲಿಗೆ ಬಂದಿರೋದು ಜನ ನಿಲ್ತಾರಾ ಇಲ್ವಾ ಅಂತ ನೋಡೋಕೆ" ಅಂದಳು. ಈ ಬೇಸಿಗೆಯಲ್ಲಿ ಯಾರೂ ನಮ್ಮನ್ನು ಆರಿಸಿಕೊಳ್ಳದಿದ್ದರೆ ಗಿಟಾರು ಮುಚ್ಚಿಟ್ಟು ಬೇರೆ ದಾರಿ ನೋಡುತ್ತೇನೆ ಎಂದು ನೀನು ಹೇಳಿದ್ದು ನನಗೆ ನೆನಪಿಲ್ಲವೆ? ಜನ ನಿಲ್ಲಬೇಕಾದರೆ ಮೊದಲು ಬರಬೇಕಲ್ಲ ತಾಯಿ. ಹೋದ ತಿಂಗಳು ನಿಮ್ಮ ಮುಂದೆ ಇದ್ದವರು ಮಳೆಗೆ ಒಳಗೆ ಬಂದವರು, ಮತ್ತು ಚಿಪ್ಸ್ ತಿನ್ನಲು ಜಾಗ ಹುಡುಕುತ್ತಿದ್ದ ಒಬ್ಬ ಮುದುಕ.

ಹಾಗಾಗಿ ಜನ ಬರುತ್ತಾರೆ. ಬೇಕನ್ ರೋಲು ಮಾರುವ ಗಾಡಿಯ ಸಾಲಿನಲ್ಲಿ ನಿಂತಿದ್ದೆ. ನನ್ನದು ಕಪ್ಪು ಅಂಗಿ, ಕೈಗೆ ಕಟ್ಟಿದ್ದು ಇಲ್ಲಿನ ಕೆಲಸದವರ ಪಟ್ಟಿ. ಹಿಂದಿನ ಹುಡುಗರಿಬ್ಬರು ಕೆಣಕಿದರು: "ಅಣ್ಣಾ, ಆ ಪ್ರಶ್ನೆಗುರುತಿಗೆ ಯಾರ್ ಬರ್ತಿರೋದು? ನಿಂಗೊತ್ತು, ಮುಖ ನೋಡಿದ್ರೇ ಗೊತ್ತಾಗ್ತಿದೆ."

"ನಾನೇನೂ ಹೇಳಲ್ಲಪ್ಪ. ಕೆಲಸ ಹೋಗುತ್ತೆ."

"ಅಯ್ಯೋ ಹೇಳಣ್ಣ, ಒಂದು ಬಿಯರ್ ಕೊಡಿಸ್ತೀನಿ."

"ಟಿನ್ ಬಿಷಪ್ಸ್ ಹುಡುಗರಿಗೆ ಸಾಸ್ ಜಾಸ್ತಿ ಇರ್ಬೇಕು ಅಂತ ಹೇಳಿ ಕಳಿಸಿದ್ದಾರೆ. ಅಷ್ಟೇ ನಂಗೊತ್ತಿರೋದು."

ಬಿಯರ್ ಕೊಡಿಸುತ್ತೇನೆ ಅಂದವನ ಮುಖ ನೀನು ನೋಡಬೇಕಿತ್ತು. ರೋಲು ಬಿಟ್ಟು ಓಡಿದ! ದೇಶವೆಲ್ಲ ಹೆಸರಾದ ತಂಡ ಈ ಡೇರೆಗೆ ಬರುತ್ತದೆ ಎಂದರೆ ಯಾರು ತಾನೆ ಬರದೆ ಇರುತ್ತಾರೆ? ಈಗ ಕಿಟಕಿಯಿಂದ ನೋಡುತ್ತಿದ್ದೇನೆ, ಡೇರೆಯ ಸುತ್ತ ಕಾಲಿಡಲು ಜಾಗವಿಲ್ಲ. ಎಲ್ಲ ನಿನಗಾಗಿ. ಹೋಗಿ ಹಾಡು. ನಾನು ಹಿಂದಿನ ಬಾಗಿಲಲ್ಲಿರುತ್ತೇನೆ.

ನಿನ್ನ ಅಪ್ಪ,
ಡೆಸ್ ಓಲ್ಡ್‌ರಾಯ್ಡ್


ಭಾನುವಾರ, ಜುಲೈ 13
ಲೀಡ್ಸ್

ಅಪ್ಪ,

ನಿನ್ನ ಕಾಗದ ರೈಲಿನಲ್ಲಿ ಕೇಳಿದೆ. ಹುಡುಗ ರೋಲು ಬಿಟ್ಟು ಓಡಿದ ಕಡೆ ನೀನು ನಗುತ್ತೀಯಲ್ಲ, ಅದನ್ನು ಮತ್ತೆ ಮತ್ತೆ ಹಾಕಿ ಕೇಳಿದೆ.

ನೀನು ಹಿಂದೆ ಇದ್ದೆ, ನಿನಗೆ ಬೆನ್ನುಗಳು ಕಂಡಿವೆ. ಮುಖಗಳು ಹೇಗಿದ್ದವು ಎಂದು ಹೇಳುತ್ತೇನೆ. ದೀಪ ಹತ್ತಿದಾಗ ಎದ್ದ ಕೂಗು ನನ್ನ ಎದೆಗೆ ತಾಗಿತು. ಆ ಒಂದು ಗಳಿಗೆ ನಾನು ಅದು ನಮಗೇ ಎಂದು ನಂಬಿದೆ. ಆಮೇಲೆ ನನ್ನನ್ನು ನೋಡಿದರು. ಮುಂದಿನ ಕಂಬಿ ಹಿಡಿದಿದ್ದ ಹುಡುಗಿ ಎರಡೂ ಕೆನ್ನೆಗೆ ಟಿನ್ ಬಿಷಪ್ಸ್ ಎಂದು ಬರೆದುಕೊಂಡಿದ್ದಳು. "ನೀನ್ಯಾರೇ? ಇಳಿಯೇ ಕೆಳಗೆ!" ಅಂದಳು. ಕಿರುಚಲಿಲ್ಲ. ಬಸ್ಸಿನಲ್ಲಿ ತನ್ನ ಸೀಟಿನಲ್ಲಿ ಕೂತವಳಿಗೆ ಹೇಳುವ ಹಾಗೆ ಹೇಳಿದಳು.

ಮೊದಲ ಲೋಟ ಕ್ಯಾಲಮ್‌ಗೆ ಬಿತ್ತು. ಎರಡನೆಯದು ನನಗೆ, ಕುತ್ತಿಗೆಯಿಂದ ಒಳಕ್ಕೆ. ಬೆಚ್ಚಗಿತ್ತು ಅಪ್ಪ. ಅಲ್ಲಿ ಮಾರುವ ಬಿಯರು ತಣ್ಣಗಿರುತ್ತದೆ, ಅದಕ್ಕೆ ಉಚ್ಚೆಯ ನಾತವೂ ಇರುವುದಿಲ್ಲ.

ಆದರೂ ಹಾಡಿದೆ. ಜನ ಹೊರಟರು, ಹೋಗಲಿ ಎಂದುಕೊಂಡೆ, ಉಳಿದವರಿಗೆ ಹಾಡೋಣ ಎಂದು. ಆಗ ನೀನು ಬಾಗಿಲಿಗೆ ಅಡ್ಡ ನಿಂತೆ. ಎರಡೂ ಕೈ ಚಾಚಿ, "ಐದೇ ನಿಮಿಷ ನಿಲ್ಲಿ, ಅವಳು ನನ್ನ ಮಗಳು" ಎಂದು ಒಬ್ಬೊಬ್ಬರನ್ನೇ ಬೇಡಿಕೊಂಡೆ. ಯಾವನೋ ಫೋನು ಎತ್ತಿದ. ಯಾವನೋ ಶುರು ಮಾಡಿದ: "ಅಪ್ಪಾ! ಅಪ್ಪಾ! ಅಪ್ಪನ್ ಕರಿಯೇ!" ಫುಟ್‌ಬಾಲ್ ಮೈದಾನದ ರಾಗ. ಇಡೀ ಡೇರೆ ಹಿಡಿದುಕೊಂಡಿತು. ಹೋಗುತ್ತಿದ್ದವರೂ ಅದಕ್ಕಾಗಿ ವಾಪಸು ಬಂದರು.

ಅಭ್ಯಾಸದಲ್ಲೂ ನಿನಗೆ ಕೇಳಿಸದೆ ಇಟ್ಟಿದ್ದ ಹಾಡು ಒಂದಿತ್ತು. ಕಾರ್ಪೆಟ್ ಹಾಸುವ ನಿನ್ನ ಮೊಣಕಾಲಿನ ಬಗ್ಗೆ ಬರೆದದ್ದು. ಅದನ್ನೇ ಆಗ ಹಾಡುತ್ತಿದ್ದೆ. ನಿನಗೆ ಕೇಳಿಸಿರಲಾರದು.

ಕೆಲವು ದಿನ ನನ್ನನ್ನು ಬಿಟ್ಟುಬಿಡು.

ಟಾಮ್ಸಿನ್


ಗುರುವಾರ, ಜುಲೈ 17
ಡ್ಯೂಸ್‌ಬರಿ, ಅಡುಗೆಮನೆ

ಟಾಮ್ಸಿನ್,

ಕೆಲವು ದಿನ ಎಂದೆ, ಬಿಟ್ಟೆ. ಈಗ ಕೇಳು, ಏಕೆಂದರೆ ಸುದ್ದಿ ದೊಡ್ಡದು.

ಮೊದಲು ಲೋಟದ ವಿಷಯ ಮುಗಿಸಿಬಿಡೋಣ. ಬಿಸಿಲಲ್ಲಿ ಹಿಡಿದುಕೊಂಡು ನಿಂತರೆ ಬಿಯರೂ ಬೆಚ್ಚಗಾಗುತ್ತದೆ ಮಗಳೇ. ಹಾಗೆಂದುಕೊ. ನಾನು ಹಾಗೆಂದುಕೊಂಡಿದ್ದೇನೆ. ನಾನು ಕಾರ್ಪೆಟ್ ಹಾಸಲು ಹೋದ ಮನೆಗಳಲ್ಲಿ ಹಳೆಯದನ್ನು ಎತ್ತಿದಾಗ ಕೆಳಗೆ ಏನೇನಿರುತ್ತಿತ್ತು ಎಂದು ಯಾವತ್ತಾದರೂ ಮನೆಗೆ ಬಂದು ಹೇಳಿದ್ದೇನೆಯೆ? ಕೈ ತೊಳೆದು ಊಟಕ್ಕೆ ಕೂರುತ್ತಿದ್ದೆ.

ವಿಡಿಯೋ ನೋಡಿದೆಯಾ? ಊರೆಲ್ಲ ನೋಡಿದೆ. ಹಿಲರಿಯೂ ನೋಡಿದ್ದಾಳೆ, ಎದುರಿಗೇ ನಿಂತು ನೋಡಿದವಳು ಮತ್ತೆ ಫೋನಿನಲ್ಲೂ ನೋಡಿದ್ದಾಳೆ. ತಂಡದ ಪುಟದಲ್ಲಿರುವುದು ವ್ಯಾನು ಓಡಿಸುವ ನನ್ನ ಫೋನ್ ನಂಬರಲ್ಲವೆ, ನನಗೇ ಕರೆ ಬಂತು.

"ಡೆಸ್, ಎಂಥ ಅಪ್ಪ ಮಾರಾಯ ನೀನು! ಅಳು ಬಂತು ನಂಗೆ. ನಕ್ಕು ನಕ್ಕು ಅಳು ಬಂತು."

"ಹುಡುಗಿ ಸ್ವಲ್ಪ ನೊಂದ್ಕೊಂಡಿದ್ದಾಳೆ" ಅಂದೆ.

"ನೊಂದ್ಕೊಳ್ಲಿ, ಅದೇ ಚೆನ್ನಾಗಿರೋದು. ನೋಡು, ಈ ಬೇಸಿಗೆ ಉಳಿದಿರೋ ಎಲ್ಲ ಕಡೆ ನಿಮಗೆ ಜಾಗ ಕೊಡಿಸ್ತೀನಿ. ಹೆಸರು ಹಾಕಲ್ಲ, ಬರೀ ಪ್ರಶ್ನೆಗುರುತು. ಅವಳು ಹತ್ತಬೇಕು, ಜನ ಕೂಗಬೇಕು, ನೀನು ಬಾಗಿಲಲ್ಲಿ ಕೈ ಚಾಚಿ ನಿಲ್ಲಬೇಕು. ಚಳಿಗಾಲದ ಪ್ರವಾಸಾನೂ ನಿಮ್ದೇ ಅಂದ್ಕೋ."

ಪ್ರವಾಸ, ಟಾಮ್ಸಿನ್! ನೀನು ಕೇಳಿದ್ದು ಅದನ್ನೇ ತಾನೆ? ಬಂದ ಬಾಗಿಲು ಓರೆಯಾಗಿದೆ ಎಂದು ಮನೆಯೊಳಗೆ ಹೋಗದೆ ಇರುತ್ತಾರೆಯೆ? ಒಮ್ಮೆ ಒಳಗೆ ಹೋದ ಮೇಲೆ ಯಾವತ್ತಾದರೂ ಒಂದು ದಿನ ಕೂಗುವುದನ್ನು ನಿಲ್ಲಿಸಿ ಕೇಳುತ್ತಾರೆ. ಕ್ಯಾಲಮ್‌ಗೂ ಒಡೆಟ್‌ಗೂ ಹೇಳಿದೆ. ಅವರು ಕುಣಿದಾಡುತ್ತಿದ್ದಾರೆ.

ನಿನ್ನ ಒಂದು ಹೂಂ ಬೇಕು.

ನಿನ್ನ ಅಪ್ಪ,
ಡೆಸ್


ಶನಿವಾರ, ಜುಲೈ 19
ಲೀಡ್ಸ್

ಅಪ್ಪ,

ಇಲ್ಲ.

ಬೇಕರಿಯಲ್ಲಿ ಕೆಲಸಕ್ಕೆ ಸೇರಿದ್ದೇನೆ. ನಿನ್ನೆ ಒಬ್ಬ ಸಾಸೇಜ್ ರೋಲು ತೆಗೆದುಕೊಳ್ಳುತ್ತ ನನ್ನ ಮುಖವನ್ನೇ ನೋಡಿದ. ಬಾಗಿಲವರೆಗೆ ಹೋಗಿ, ತಿರುಗಿ, "ಅಪ್ಪನ್ ಕರಿಯೇ" ಎಂದು ಹಾಡಿದ. ಒಳಗಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಅವನ ಚಿಲ್ಲರೆ ನನ್ನ ಕೈಯಲ್ಲೇ ಉಳಿಯಿತು.

ಹಾಡುಗಳು ನನ್ನವು. ನಾನಿಲ್ಲದೆ ತಂಡವಿಲ್ಲ. ಹಿಲರಿಗೆ ಅದನ್ನು ಹೇಳು.

ಟಾಮ್ಸಿನ್


ಬುಧವಾರ, ಜುಲೈ 23
ಡ್ಯೂಸ್‌ಬರಿ

ಪ್ರೀತಿಯ ಟಾಮ್ಸ್,

ಫೋನಿನಲ್ಲಿ ಹೇಳಿದರೆ ನಾನು ಅತ್ತುಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ನೀನು ಬೇಡ ಅಂದದ್ದು ನಮಗೆ ಅರ್ಥವಾಗುತ್ತದೆ. ನಿಜವಾಗಿಯೂ. ಆದರೆ ನಾನೂ ಕ್ಯಾಲಮ್ಮೂ ಇಷ್ಟು ವರ್ಷ ವ್ಯಾನಿನ ಹಿಂಬದಿಯಲ್ಲಿ ಮಲಗಿದ್ದು ಬೇಡ ಅನ್ನುವುದಕ್ಕಲ್ಲ.

ಕ್ಯಾಲಮ್‌ಗೆ ಗೊತ್ತಿರುವ ಲೋಯಿಸ್ ಎನ್ನುವವಳು ಸದ್ಯಕ್ಕೆ ಹಾಡುತ್ತಾಳೆ. ನಿನ್ನಷ್ಟು ಚೆನ್ನಾಗಿಲ್ಲ, ಆಣೆ. ಹಿಲರಿಯನ್ನು ಕೇಳಿದ್ದಕ್ಕೆ, "ಯಾರಾದ್ರೂ ಹಾಡ್ಲಿ, ಹೆಂಗೂ ಕೇಳ್ಸಲ್ವಲ್ಲ" ಅಂದಳು. ತಮಾಷೆಗೆ ಅಂದದ್ದು. ಹಾಡುಗಳಿಗೆ ನಿನ್ನ ಹೆಸರು ಹಾಗೇ ಇರುತ್ತದೆ.

ನಿನ್ನ ಗಿಟಾರು ವ್ಯಾನಿನಲ್ಲೇ ಉಳಿದಿದೆ. ಲೋಯಿಸ್ ಹತ್ತಿರ ಒಳ್ಳೆಯದಿಲ್ಲ. ಉಪಯೋಗಿಸಬಹುದಾ ಎಂದು ಡೆಸ್ ಹತ್ತಿರ ಕೇಳಿದೆವು, ನೀನು ಏನೂ ಅಂದುಕೊಳ್ಳುವುದಿಲ್ಲ ಎಂದರು.

ನಮ್ಮ ಮೇಲೆ ಸಿಟ್ಟಿಲ್ಲ ತಾನೆ?

ಮುತ್ತುಗಳೊಂದಿಗೆ,
ಒಡೆಟ್


ಸೋಮವಾರ, ಆಗಸ್ಟ್ 4
ಲಿಂಕನ್‌ಶೈರಿನ ಒಂದು ಹೊಲ, ವ್ಯಾನಿನೊಳಗಿಂದ

ಟಾಮ್ಸಿನ್,

ಒಡೆಟ್ ಬರೆದಳಂತೆ. ನೀನು ಉತ್ತರ ಹಾಕಲಿಲ್ಲವಂತೆ. ಅವಳಿಗೆ ಬೇಜಾರಾಗಿದೆ, ಒಂದು ಸಾಲು ಹಾಕಿಬಿಡು.

ನಾನು ಯಾಕೆ ಅವರ ಜೊತೆ ಹೋದೆ ಎಂದು ಕೇಳುತ್ತೀಯ. ನಿನ್ನ ಜಾಗ ಕಾಯುವುದಕ್ಕೆ. ವ್ಯಾನು ನಮ್ಮದು, ನಾನು ಓಡಿಸುವವರೆಗೆ ಅದು ನಿನ್ನ ತಂಡ. ಬೇರೆ ಯಾರಾದರೂ ಚಕ್ರ ಹಿಡಿದರೆ ಆಮೇಲೆ ನೀನು ವಾಪಸು ಬರುವುದು ಹೇಗೆ?

ನಿನ್ನೆ ಹೇಗಾಯಿತು ಎಂದು ಹೇಳಬೇಕು, ಯಾರಿಗಾದರೂ ಹೇಳಬೇಕು, ನಿನ್ನನ್ನು ಬಿಟ್ಟರೆ ನನಗೆ ಯಾರಿದ್ದಾರೆ. ಪ್ರಶ್ನೆಗುರುತು ಎಂದರೆ ನಾವೇ ಎಂದು ಈಗ ಎಲ್ಲರಿಗೂ ಗೊತ್ತು. ಗೊತ್ತಿದ್ದೇ ಬರುತ್ತಾರೆ. ಲೋಯಿಸ್ ಬಾಯಿ ತೆಗೆದದ್ದೇ ತಡ ಕೂಗು, ಲೋಟ, ಎಲ್ಲ ಶುರು. ಯಾರೂ ನಿಜವಾಗಿ ಹೋಗುವುದಿಲ್ಲ. ಬಾಗಿಲಿಗೆ ಸಾಲು ಹಚ್ಚುತ್ತಾರೆ, ನನ್ನ ಕೈಲಿ ತಡೆಸಿಕೊಳ್ಳುವುದಕ್ಕೆ! ತಡೆಸಿಕೊಂಡು, ಸುತ್ತು ಹಾಕಿ, ಮತ್ತೆ ಸಾಲಿನ ಕೊನೆಗೆ. ಹಿಲರಿ ನನಗೊಂದು ಹಳದಿ ಮಳೆಯಂಗಿ ಕೊಡಿಸಿದ್ದಾಳೆ, ದೂರದಿಂದ ಕಾಣಲಿ ಎಂದು, ಮತ್ತೆ ಲೋಟಗಳಿಗೂ ಆಯಿತು ಎಂದು. ನನ್ನ ಮುಖ ಅಚ್ಚು ಹಾಕಿದ ಅಂಗಿ ಮಾರುತ್ತಿದ್ದಾರೆ. ಕೆಳಗೆ ಬರೀ "ಅಪ್ಪ".

ಒಬ್ಬ ಹುಡುಗ, ಭುಜ ನೋಡಿದರೆ ಬಾಗಿಲಷ್ಟು ಅಗಲ, ಸರದಿ ಬಂದಾಗ ನನ್ನ ಕಿವಿಯ ಹತ್ತಿರ ಬಾಗಿ ಹೇಳಿದ: "ನಮ್ಮಪ್ಪ ನನ್ನ ಒಂದ್ ಮ್ಯಾಚಿಗೂ ಬರ್ಲಿಲ್ಲ ಕಣಪ್ಪಾ. ಒಂದ್ಸಲ ತಬ್ಕೋ."

ತಬ್ಬಿಕೊಂಡೆ. ಅವನು ಅತ್ತ. ನಾನೂ ಅತ್ತೆ. ಸುತ್ತಲಿನವರು ಚಪ್ಪಾಳೆ ಹೊಡೆದರು.

ನಾನು ಯೋಚಿಸುತ್ತಿರುತ್ತೇನೆ, ಟಾಮ್ಸಿನ್, ವ್ಯಾನಿನಲ್ಲಿ ಒಬ್ಬನೇ ಕೂತಾಗ. ನನಗೆ ಐವತ್ತು. ಜೀವನವಿಡೀ ಕಾರ್ಪೆಟ್ ಹಾಸುವವನ ನೆತ್ತಿಯನ್ನು ಊರು ನೋಡಿದೆ. ಮನೆಯೊಡತಿಯರು ನನ್ನ ನೆತ್ತಿಗೆ ಹೇಳುತ್ತಿದ್ದರು, "ಆ ಮೂಲೆ ಸರಿಯಾಗಿ ನೋಡು." ಚಹಾ ಕೊಡುವಾಗಲೂ ಲೋಟವನ್ನು ನೆಲದ ಮೇಲಿಟ್ಟು ಹೋಗುತ್ತಿದ್ದರು. ನಿಂತುಕೊಂಡು ಮಾಡುವ ಕೆಲಸ ನನಗೆ ಸಿಕ್ಕಿದ್ದು ಇದೇ ಮೊದಲು. ಅದನ್ನು ನೀನು ಕೊಡಿಸಿದೆ. ನಿನಗೆ ಹೆಮ್ಮೆಯಾಗಬೇಕು.

ನಿನ್ನ ಅಪ್ಪ,
ಡೆಸ್


ಮಂಗಳವಾರ, ಆಗಸ್ಟ್ 12
ಲೀಡ್ಸ್

ಅಪ್ಪ,

ಇದನ್ನು ಒಂದು ವಾರದಿಂದ ಬರೆದು ಬರೆದು ಅಳಿಸುತ್ತಿದ್ದೇನೆ. ಬೈಗುಳವೆಲ್ಲ ತೆಗೆದ ಮೇಲೆ ಉಳಿದದ್ದು ಇಷ್ಟು.

ತಂಡ ಹೋಗಲಿ. ಗಿಟಾರು ಅವಳೇ ಇಟ್ಟುಕೊಳ್ಳಲಿ. ಹಾಡುಗಳನ್ನೂ ಬಿಟ್ಟೆ. ನೀನು ಉಳಿಯುತ್ತೀಯಾ ಎನ್ನುವುದೊಂದೇ ನನಗೆ ಬೇಕಾಗಿರುವುದು.

ಇಪ್ಪತ್ತಮೂರರ ಶನಿವಾರ ನೀವು ಇಲ್ಲೇ ಹತ್ತಿರ, ಬ್ರ್ಯಾಮ್‌ಹೋಪ್ ಆಚೆಯ ಮೈದಾನಕ್ಕೆ ಬರುತ್ತೀರಿ. ಟಿಕೆಟು ತೆಗೆದುಕೊಂಡಿದ್ದೇನೆ. ಕೂಗು ಶುರುವಾದ ಮೇಲೆ ನಾನು ನಿನ್ನ ಬಾಗಿಲಿಗೆ ಬರುತ್ತೇನೆ. ನನ್ನ ಜೊತೆ ಹೊರಗೆ ನಡೆದು ಬಾ. ಯಾರಿಗೂ ಏನೂ ಹೇಳುವುದು ಬೇಡ, ಕ್ಷಮೆ ಬೇಡ, ಕಾರಣವೂ ಬೇಡ. ಕೈ ಇಳಿಸಿ, ನನ್ನ ಪಕ್ಕದಲ್ಲಿ ನಡೆದು ಬಾ. ಎಲ್ಲಾದರೂ ಕೂತು ಚಹಾ ಕುಡಿಯೋಣ.

ಬರದಿದ್ದರೆ ನನಗೆ ಗೊತ್ತಾಗುತ್ತದೆ. ಆಮೇಲೆ ಕಾಗದವಿಲ್ಲ, ಇನ್ನೇನೂ ಇಲ್ಲ.

ನಿನ್ನ,
ಟಾಮ್ಸಿನ್


ಭಾನುವಾರ, ಆಗಸ್ಟ್ 24
ವ್ಯಾನಿನೊಳಗಿಂದ

ಟಾಮ್ಸಿನ್,

ನಿನ್ನ ಫೋನಿಗೆ ಕರೆ ಹೋಗುತ್ತಿಲ್ಲ. ಇದಾದರೂ ಮುಟ್ಟುತ್ತದೆ ಎಂದುಕೊಂಡಿದ್ದೇನೆ, ಮುಟ್ಟಿದ ಗುರುತು ಬರುತ್ತದಲ್ಲ, ಅದಕ್ಕೆ ಕಾಯುತ್ತೇನೆ.

ನಾನು ಬರಬೇಕೆಂದೇ ಇದ್ದೆ. ನಂಬು. ಬೆಳಿಗ್ಗೆ ಹಳದಿ ಅಂಗಿಯ ಒಳಗೆ ಒಳ್ಳೆಯ ಷರಟು ಹಾಕಿಕೊಂಡಿದ್ದೆ, ಚಹಾ ಅಂಗಡಿಗೆ ಅದು ಸರಿಯಿರುತ್ತದೆ ಎಂದು. ನಿನ್ನನ್ನು ಡೇರೆಯ ಕಂಬದ ಹತ್ತಿರವೇ ಗುರುತು ಹಿಡಿದೆ. ಕೂದಲು ಅಷ್ಟು ಗಿಡ್ಡ ಮಾಡಿಸಿದ್ದೀಯ, ಕತ್ತು ಕಾಣುತ್ತದೆ. ಯಾರಿಗೂ ಗುರುತು ಸಿಗಲಿಲ್ಲ, ಒಡೆಟ್‌ಗೂ ಸಿಗಲಿಲ್ಲ. ನನಗೆ ಸಿಕ್ಕಿತು.

ನೀನು ಪಕ್ಕದಿಂದ ಬರಬಹುದಿತ್ತು. ಸಾಲಿನಲ್ಲಿ ಯಾಕೆ ಬಂದೆ? ನಿನ್ನ ಹಿಂದೆ ಕಣ್ಣಿಗೆ ಕಾಣುವಷ್ಟು ದೂರ ಜನ, ಎಲ್ಲರ ಫೋನೂ ಮೇಲೆ, ಮುಂದಿನವನು ನಕ್ಕು ಹೋದ ಕೂಡಲೆ ನನ್ನ ಕೈ ತಾನಾಗಿ ಚಾಚಿಕೊಂಡಿತ್ತು. ನೀನು ಮೆಲ್ಲಗೆ, "ಅಪ್ಪಾ, ಬಾ. ಹೋಗೋಣ" ಅಂದೆ.

ನಾನು ಬಾಯಿ ತೆಗೆದೆ. ನಾಲಿಗೆಗೆ ಬಂದದ್ದು ಅದೇ: "ಐದೇ ನಿಮಿಷ ನಿಲ್ಲಮ್ಮಾ. ಅಲ್ಲಿ ಹಾಡ್ತಿರೋಳು ನನ್ ಮಗಳು."

ಸುತ್ತ ನಗು. ನೀನು ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತ, ಪರಿಚಯವಿಲ್ಲದವಳ ಹಾಗೆ ಕೇಳಿದೆ: "ಹೌದಾ? ಹೆಸರೇನು ನಿಮ್ಮ ಮಗಳದ್ದು?"

ಅಲ್ಲಿ ನೀನು ನನಗೆ ಜಾಗ ಬಿಟ್ಟುಕೊಟ್ಟೆ, ನನಗೆ ಗೊತ್ತು. ನಾನು ದಡ್ಡನಲ್ಲ. ಕೈ ಇಳಿಸಿದ್ದರೆ ಸಾಕಿತ್ತು. ಆದರೆ ಎಲ್ಲರೂ ಮೌನವಾಗಿದ್ದರು ಟಾಮ್ಸಿನ್. ಈ ಬೇಸಿಗೆಯಲ್ಲಿ ಒಂದು ಡೇರೆ ಮೌನವಾದದ್ದು ಅದೇ ಮೊದಲು. ಲೋಯಿಸ್ ಕೂಡ ಹಾಡು ನಿಲ್ಲಿಸಿ ನೋಡುತ್ತಿದ್ದಳು. ಅಷ್ಟು ಜನ ನನ್ನ ಬಾಯಿಂದ ಒಂದು ಮಾತು ಬರಲಿ ಎಂದು ಕಾಯುತ್ತಿದ್ದರು.

"ಟಾಮ್ಸಿನ್" ಅಂದೆ, ವೇದಿಕೆಯ ಕಡೆ ಕೈ ತೋರಿಸಿ. "ನನ್ ಪ್ರಾಣ ಅವಳು."

ಆಟದಲ್ಲಿ ಹಾಗೇ ಇರುವುದು. ಲೋಯಿಸ್ ಎಂಬ ಹೆಸರು ಹೇಳಿದರೆ ವಿಡಿಯೋ ನೋಡಿದವರಿಗೆ ಬೇರೆ ಹುಡುಗಿ ಎಂದು ತಿಳಿದುಬಿಡುತ್ತದೆ, ಹಿಲರಿ ಮೊದಲ ದಿನವೇ ಹೇಳಿದ್ದಾಳೆ.

ನೀನು ತಲೆ ಬಗ್ಗಿಸಿ ನನ್ನ ತೋಳಿನ ಕೆಳಗಿಂದ ನುಸುಳಿ ಹೋದೆ. ಚಿಕ್ಕವಳಿದ್ದಾಗ ಸ್ನಾನಕ್ಕೆ ಕರೆದರೆ ಹೀಗೇ ತಪ್ಪಿಸಿಕೊಳ್ಳುತ್ತಿದ್ದೆ. ಎಂಥ ಚಪ್ಪಾಳೆ ಬಿತ್ತು ಗೊತ್ತೆ? ಕೇಳಿಸಿರಬೇಕು, ಹೊರಗಿನ ರಸ್ತೆಯವರೆಗೆ ಕೇಳಿಸುವಂಥದು. ಯಾರೂ ಲೋಟ ಎಸೆಯಲಿಲ್ಲ. ಜನ ನಿಂತರು, ಕೊನೆಯವರೆಗೂ ನಿಂತರು.

ಎಲ್ಲ ಮುಗಿದ ಮೇಲೆ ಹಿಲರಿ ಓಡಿ ಬಂದಳು. "ಯಾರೋ ಡೆಸ್ ಆ ಹುಡುಗಿ? ಎಲ್ಲಿಂದ ಹಿಡ್ಕೊಂಡ್ ಬಂದೆ?"

"ಯಾರೋ ಗೊತ್ತಿಲ್ಲ. ಸಾಲಲ್ಲಿದ್ಲು" ಅಂದೆ.

"ಹುಡುಕು. ಪ್ರತಿ ಸಲ ಬೇಕು ಅವಳು ನಂಗೆ."

ಅದಕ್ಕೇ ಇಷ್ಟುದ್ದ ಮಾತಾಡುತ್ತಿದ್ದೇನೆ. ಬರುವ ಶನಿವಾರ ಲೆಸ್ಟರ್. ನೀನು ವೇದಿಕೆ ಹತ್ತಬೇಕಾಗಿಲ್ಲ, ಹಾಡಬೇಕಾಗಿಲ್ಲ, ನಿನ್ನನ್ನು ಯಾರೂ ಕೂಗುವುದಿಲ್ಲ. ವ್ಯಾನಿನಲ್ಲಿ ಮುಂದಿನ ಸೀಟು ನಿನ್ನದು, ಹೋಗುತ್ತ ಬರುತ್ತ ನಾವಿಬ್ಬರೂ ಮಾತಾಡಬಹುದು, ಚಹಾವನ್ನೂ ಕುಡಿಯಬಹುದು. ಗುರುವಾರದೊಳಗೆ ಹೇಳು, ಇಲ್ಲದಿದ್ದರೆ ಹಿಲರಿ ಬೇರೆ ಹುಡುಗಿಯನ್ನು ನೋಡುತ್ತಾಳಂತೆ.

ಎಲ್ಲ ನಿನ್ನೆ ಮಾಡಿದ ಹಾಗೆಯೇ ಮಾಡು, ಮುಖವೂ ಹಾಗೇ ಇರಲಿ. ಹೆಸರು ಕೇಳುವಾಗ ಮಾತ್ರ ಸ್ವಲ್ಪ ಜೋರಾಗಿ ಕೇಳು ಮಗಳೇ. ಹಿಂದೆ ನಿಂತವರಿಗೆ ಕೇಳಿಸಲಿಲ್ಲವಂತೆ.

ನಿನ್ನ,
ಅಪ್ಪ